ನಂಬದವರಿಗೂ ಪ್ರಾರ್ಥನೆ ಬೇಕೆ? ಉಪಯೋಗದ ಮಾತು ಬೇರೆ, ಒತ್ತಾಯದ ಮಾತು ಬೇರೆ

ಬೆಲ್‌ಫಾಸ್ಟ್‌ನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಓದುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಮನೆಯಲ್ಲಿ ತಿಂಡಿ ಕೊಟ್ಟಾಗಲೆಲ್ಲ, ತಿನ್ನುವ ಮೊದಲು ದೇವರಿಗೆ ಕೃತಜ್ಞತೆ ಹೇಳತೊಡಗಿದಳು. ಅಪ್ಪ ಅಮ್ಮ ಯಾವ ಧರ್ಮದಲ್ಲೂ ನಂಬಿಕೆ ಇಲ್ಲದವರು. ಮಗಳಿಗೆ ಇದು ಬಂದದ್ದು ಶಾಲೆಯಿಂದ ಎಂದು ಗೊತ್ತಾದ ಮೇಲೆ ವಿಷಯ ಕೋರ್ಟ್ ಮೆಟ್ಟಿಲೇರಿತು. ಹೈಕೋರ್ಟಿನಲ್ಲಿ ಗೆಲುವು, ಮೇಲ್ಮನವಿಯಲ್ಲಿ ಹಿನ್ನಡೆ, ಕೊನೆಗೆ 2025ರ ನವೆಂಬರ್ 19ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಗೆಲುವು. ಉತ್ತರ ಐರ್ಲೆಂಡಿನ ಶಾಲೆಗಳಲ್ಲಿ ಧಾರ್ಮಿಕ ಪಾಠ ಮತ್ತು ಸಾಮೂಹಿಕ ಪ್ರಾರ್ಥನೆ ನಡೆಯುತ್ತಿರುವ ರೀತಿ ವಸ್ತುನಿಷ್ಠವೂ ಅಲ್ಲ, ಬಹುತ್ವವನ್ನು ಗೌರವಿಸುವಂಥದ್ದೂ ಅಲ್ಲ, ಆದ್ದರಿಂದ ಕಾನೂನಿಗೆ ವಿರುದ್ಧ ಎಂದು ಪೀಠ ಒಮ್ಮತದಿಂದ ಹೇಳಿತು.

ಸುದ್ದಿ ಓದಿದ ಎಷ್ಟೋ ಜನರಿಗೆ ಇದು ಅರ್ಥವಾಗದೆ ಹೋಗಿದ್ದರೆ ಆಶ್ಚರ್ಯವಿಲ್ಲ. ಅನ್ನದ ಮುಂದೆ ಒಂದು ಕ್ಷಣ ನಿಂತು ಕೃತಜ್ಞತೆ ಹೇಳಿದರೆ ಮಗುವಿಗೆ ಆಗುವ ಹಾನಿಯಾದರೂ ಏನು? ದೇವರಿದ್ದಾನೋ ಇಲ್ಲವೋ, ಅಭ್ಯಾಸ ಒಳ್ಳೆಯದೇ ತಾನೆ? ಇದು ಉಡಾಫೆಯ ಪ್ರಶ್ನೆಯಲ್ಲ. ನಮ್ಮ ದೇಶದಲ್ಲೂ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಹೋಗಿದೆ. ಅಲ್ಲಿ ಸರ್ಕಾರದ ಪರ ವಾದದ ಬೆನ್ನೆಲುಬೂ ಹೆಚ್ಚುಕಡಿಮೆ ಇದೇ.

ಗೊಂದಲ ಹುಟ್ಟುವುದು ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ. ನಂಬಿಕೆ ಇಲ್ಲದವನಿಗೆ ಪ್ರಾರ್ಥನೆಯಿಂದ ಪ್ರಯೋಜನ ಉಂಟೆ ಎಂಬುದು ಒಂದು. ಪ್ರಯೋಜನ ಉಂಟೆಂದ ಮೇಲೆ ಎಲ್ಲರಿಂದಲೂ ಮಾಡಿಸಬಹುದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ‘ಹೌದು’ ಎಂದವರು ಎರಡನೆಯದಕ್ಕೂ ‘ಹೌದು’ ಎಂದುಬಿಡುತ್ತಾರೆ. ಎರಡನೆಯದಕ್ಕೆ ‘ಇಲ್ಲ’ ಎನ್ನಬೇಕೆಂದಿರುವವರು ಮೊದಲನೆಯದನ್ನೂ ನಿರಾಕರಿಸುತ್ತಾರೆ. ಎರಡೂ ಕಡೆಯವರು ತಪ್ಪುತ್ತಿರುವುದು ಇಲ್ಲೇ.

ಕೇಂದ್ರೀಯ ವಿದ್ಯಾಲಯದ ಬೆಳಗಿನ ಸಾಲು

ದೇಶದ ಸಾವಿರಕ್ಕೂ ಹೆಚ್ಚು ಕೇಂದ್ರೀಯ ವಿದ್ಯಾಲಯಗಳು ನಡೆಯುವುದು ಕೇಂದ್ರ ಸರ್ಕಾರದ ಹಣದಲ್ಲಿ. ಅವುಗಳ ಬೆಳಗಿನ ಸಭೆಯಲ್ಲಿ ‘ಅಸತೋ ಮಾ ಸದ್ಗಮಯ’ ಹೇಳಿಸುತ್ತಾರೆ. ಭಕ್ತಿಯ ದಾನ ಕೊಡು, ಆತ್ಮವನ್ನು ಶುದ್ಧಮಾಡು ಎಂದು ಪರಮಾತ್ಮನನ್ನು ಬೇಡುವ ಹಿಂದಿ ಪ್ರಾರ್ಥನೆಯೂ ಇದೆ. ಈ ಶಾಲೆಗಳಲ್ಲಿ ಓದಿದ ಮಕ್ಕಳ ತಂದೆ, ಜಬಲ್ಪುರದ ವಕೀಲರೊಬ್ಬರು, ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2018ರ ಜನವರಿಯಲ್ಲಿ ನೋಟಿಸ್ ಹೊರಟಿತು. ಕಣ್ಣು ಮುಚ್ಚಿ ಕೈ ಮುಗಿದೇ ನಿಲ್ಲಬೇಕು, ಹಾಗೆ ಮಾಡದವರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಳ್ಳುತ್ತಾರೆ ಎಂಬುದು ಅರ್ಜಿಯ ದೂರು. ನಾಸ್ತಿಕರು, ಸಂದೇಹವಾದಿಗಳು ಮತ್ತು ಅಲ್ಪಸಂಖ್ಯಾತರ ಮಕ್ಕಳಿಗೆ ಇದು ಒತ್ತಾಯ, ಮಕ್ಕಳ ವೈಜ್ಞಾನಿಕ ಮನೋಭಾವಕ್ಕೂ ಅಡ್ಡಿ ಎಂಬ ವಾದ ಅದರಲ್ಲಿತ್ತು.

2019ರ ಜನವರಿಯಲ್ಲಿ ಅರ್ಜಿ ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರಿದ್ದ ಪೀಠದ ಮುಂದೆ ಬಂತು. ಇಂಥ ಸಂಸ್ಕೃತ ಶ್ಲೋಕಗಳು ಸಾರ್ವತ್ರಿಕ ಸತ್ಯಗಳನ್ನು ಹೇಳುತ್ತವೆ, ಸುಪ್ರೀಂ ಕೋರ್ಟಿನ ಲಾಂಛನದಲ್ಲೇ ‘ಯತೋ ಧರ್ಮಸ್ತತೋ ಜಯಃ’ ಎಂದಿದೆಯಲ್ಲ ಎಂದು ಸಾಲಿಸಿಟರ್ ಜನರಲ್ ವಾದಿಸಿದರು. ‘ಅಸತೋ ಮಾ’ ನೇರ ಉಪನಿಷತ್ತಿನಿಂದ ಬಂದದ್ದು ಎಂದು ನ್ಯಾಯಮೂರ್ತಿ ನೆನಪಿಸಿದರು. ಕೊನೆಗೆ, ಇದು ಸಂವಿಧಾನ ಪೀಠವೇ ನೋಡಬೇಕಾದಷ್ಟು ಮಹತ್ವದ ಪ್ರಶ್ನೆ ಎಂದು ಕಳಿಸಿಕೊಟ್ಟರು.

ಈ ಎರಡು ಪ್ರಾರ್ಥನೆಗಳನ್ನು ಒಂದೇ ಎಂದು ತಿಳಿಯುವುದರಿಂದಲೂ ಚರ್ಚೆ ಹಾದಿ ತಪ್ಪುತ್ತದೆ. ಬೃಹದಾರಣ್ಯಕ ಉಪನಿಷತ್ತಿನ ‘ಅಸತೋ ಮಾ’ ಮಂತ್ರದಲ್ಲಿ ಯಾವ ದೇವರ ಹೆಸರೂ ಇಲ್ಲ. ಅಸತ್ಯದಿಂದ ಸತ್ಯಕ್ಕೆ, ಕತ್ತಲಿನಿಂದ ಬೆಳಕಿಗೆ, ಸಾವಿನಿಂದ ಅಮೃತಕ್ಕೆ ನಡೆಸು ಎಂದಷ್ಟೇ ಇದೆ. ಯಾರು ನಡೆಸಬೇಕು ಎಂಬುದನ್ನು ಹೇಳುವವರಿಗೇ ಬಿಟ್ಟಿದೆ. ಹಾಗೆಂದು ಅದು ಎಲ್ಲೋ ಬಯಲಲ್ಲಿ ಹುಟ್ಟಿದ ಸುಭಾಷಿತವೂ ಅಲ್ಲ. ಯಜ್ಞದಲ್ಲಿ ಸಾಮಗಾನ ನಡೆಯುವಾಗ ಯಜಮಾನ ಜಪಿಸಬೇಕು ಎಂದು ಆ ಉಪನಿಷತ್ತೇ ಹೇಳುತ್ತದೆ. ಹಿಂದಿ ಪ್ರಾರ್ಥನೆಯ ವಿಷಯದಲ್ಲಿ ಇಷ್ಟು ಕಷ್ಟಪಡಬೇಕಿಲ್ಲ. ಅದು ಪರಮಾತ್ಮನನ್ನೇ ಕರೆದು ಭಕ್ತಿ ಬೇಡುತ್ತದೆ. ದೇವರಿಲ್ಲ ಎನ್ನುವವನು ಮೊದಲನೆಯದನ್ನು ಹಾರೈಕೆಯೆಂದು ಹೇಳಿಕೊಂಡಾನು. ಎರಡನೆಯದನ್ನು ಹೇಳುವಾಗ ನಾಟಕ ಆಡಲೇಬೇಕಾಗುತ್ತದೆ.

ಪ್ರಯೋಜನ ಎಲ್ಲಿಂದ ಬರುತ್ತದೆ?

ಪ್ರಾರ್ಥನೆಯನ್ನು ಅಳೆಯುವ ಪ್ರಯತ್ನ ಹಳೆಯದು. 1872ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಒಂದು ತಂಟೆಯ ಲೆಕ್ಕ ಹಾಕಿದ. ರಾಜಮನೆತನದವರ ದೀರ್ಘಾಯುಷ್ಯಕ್ಕೆ ಇಡೀ ಇಂಗ್ಲೆಂಡ್ ಚರ್ಚುಗಳಲ್ಲಿ ಬೇಡಿಕೊಳ್ಳುತ್ತದೆ. ಹಾಗಾದರೆ ಅವರು ಉಳಿದ ಶ್ರೀಮಂತರಿಗಿಂತ ಹೆಚ್ಚು ಬದುಕಬೇಕಿತ್ತು. ಆದರೆ ಅವನು ಹೋಲಿಸಿದ ವರ್ಗಗಳಲ್ಲಿ ಅತಿ ಕಡಿಮೆ ಬದುಕಿದವರು ಅವರೇ.

ಇದೇ ಜಾಡಿನ ದೊಡ್ಡ ಪ್ರಯೋಗ ಪ್ರಕಟವಾದದ್ದು 2006ರಲ್ಲಿ. ಹಾರ್ವರ್ಡ್‌ನ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್ ನೇತೃತ್ವದಲ್ಲಿ, ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಮಾಡಿಸಿಕೊಂಡ 1,802 ರೋಗಿಗಳನ್ನು ಮೂರು ಗುಂಪು ಮಾಡಲಾಯಿತು. ನಿಮಗಾಗಿ ಪ್ರಾರ್ಥಿಸಬಹುದು, ಪ್ರಾರ್ಥಿಸದೆಯೂ ಇರಬಹುದು ಎಂದು ಎರಡು ಗುಂಪುಗಳಿಗೆ ಹೇಳಿದ್ದರು. ಅವುಗಳಲ್ಲಿ ಒಂದಕ್ಕೆ ಮಾತ್ರ ಗುಟ್ಟಾಗಿ ಪ್ರಾರ್ಥನೆ ಸಲ್ಲುತ್ತಿತ್ತು. ಮೂರನೆಯ ಗುಂಪಿಗೆ ಖಂಡಿತ ಪ್ರಾರ್ಥಿಸುತ್ತೇವೆ ಎಂದೇ ತಿಳಿಸಿ ಪ್ರಾರ್ಥಿಸಿದರು. ಶಸ್ತ್ರಚಿಕಿತ್ಸೆಯ ನಂತರ ತೊಡಕು ಕಂಡದ್ದು ಪ್ರಾರ್ಥನೆ ಸಿಕ್ಕ ಗುಂಪಿನಲ್ಲಿ ಶೇ 52, ಸಿಗದ ಗುಂಪಿನಲ್ಲಿ ಶೇ 51. ತಮಗಾಗಿ ಪ್ರಾರ್ಥಿಸುತ್ತಿದ್ದಾರೆಂದು ಖಚಿತವಾಗಿ ಗೊತ್ತಿದ್ದವರಲ್ಲಿ ಮಾತ್ರ ಶೇ 59. ಪ್ರಾರ್ಥಿಸುವ ತಂಡವನ್ನೇ ಕರೆಸುವಷ್ಟು ನನ್ನ ಸ್ಥಿತಿ ಬಿಗಡಾಯಿಸಿದೆಯೇ ಎಂಬ ಆತಂಕ ಇದ್ದಿರಬಹುದು ಎಂಬುದು ಸಂಶೋಧಕರ ಕಡೆಯಿಂದಲೇ ಬಂದ ಒಂದು ಊಹೆ.

ವಿಚಾರವಾದಿಗಳು ಈ ಅಂಕಿಗಳನ್ನು ಪದೇ ಪದೇ ಎತ್ತಿ ಹಿಡಿಯುತ್ತಾರೆ. ಆದರೆ ಈ ಪ್ರಯೋಗ ಅಳೆದದ್ದು ಗುರುತು ಪರಿಚಯವಿಲ್ಲದವರು ದೂರದಲ್ಲಿ ಕೂತು ಮಾಡಿದ ಪ್ರಾರ್ಥನೆಯನ್ನು. ತಾನೇ ಪ್ರಾರ್ಥಿಸಿದವನಿಗೆ ಏನಾಗುತ್ತದೆ ಎಂಬುದರ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ.

ಅದನ್ನು ಹೇಳುವ ಅಧ್ಯಯನಗಳು ಬೇರೆ ಇವೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ಲುಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರ ಬರಹವೊಂದು ಬಂತು. 23 ಮಂದಿ ಆರೋಗ್ಯವಂತರಿಂದ ಒಮ್ಮೆ ಕ್ಯಾಥೊಲಿಕರು ಲ್ಯಾಟಿನ್ ಭಾಷೆಯಲ್ಲಿ ಹೇಳುವ ಜಪಸರ ಪ್ರಾರ್ಥನೆ ಹೇಳಿಸಿದರು, ಇನ್ನೊಮ್ಮೆ ಬೌದ್ಧರ ‘ಓಂ ಮಣಿ ಪದ್ಮೇ ಹೂಂ’ ಮಂತ್ರ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಸುಮ್ಮನೆ ಕೂತವರದು ಸಾಮಾನ್ಯವಾಗಿ 12ರಿಂದ 20 ಇರುತ್ತದೆ. ರಕ್ತದೊತ್ತಡದ ಏರಿಳಿತಕ್ಕೆ ಹೃದಯ ಸ್ಪಂದಿಸುವ ಬಗೆಯೂ ಸುಧಾರಿಸಿತು. ಕಾರಣದಲ್ಲಿ ನಿಗೂಢವೇನಿಲ್ಲ. ಜಪಸರದ ಒಂದು ಸುತ್ತಿನಲ್ಲಿ ಅರ್ಧವನ್ನು ಒಬ್ಬರು, ಉಳಿದರ್ಧವನ್ನು ಇನ್ನೊಬ್ಬರು ಹೇಳುತ್ತಾರೆ. ಒಟ್ಟು ಹಿಡಿಯುವುದು ಹತ್ತು ಸೆಕೆಂಡು. ತಮ್ಮ ಸರದಿಯಲ್ಲಿ ಉಸಿರು ಬಿಡುತ್ತ ಹೇಳಿ, ಎದುರಿನವರ ಸರದಿಯಲ್ಲಿ ಎಳೆದುಕೊಂಡರೆ ಲೆಕ್ಕ ತಾನಾಗಿ ನಿಮಿಷಕ್ಕೆ ಆರಕ್ಕೆ ಬರುತ್ತದೆ. ಹೇಳುವವನು ಕನ್ಯಾ ಮರಿಯಮ್ಮನನ್ನು ನಂಬುತ್ತಾನೋ ಬೋಧಿಸತ್ವ ಅವಲೋಕಿತೇಶ್ವರನನ್ನು ನಂಬುತ್ತಾನೋ ಎಂದು ಶ್ವಾಸಕೋಶ ವಿಚಾರಿಸುವುದಿಲ್ಲ.

ತಮಾಷೆಯೆಂದರೆ ಇದೇ ಬೆನ್ಸನ್ 1970ರ ದಶಕದಲ್ಲೇ ಅತೀಂದ್ರಿಯ ಧ್ಯಾನ ಮಾಡುವವರನ್ನು ಪರೀಕ್ಷಿಸಿ, ಒಂದು ಪದವನ್ನು ಮತ್ತೆ ಮತ್ತೆ ಹೇಳಿಕೊಂಡು, ನಡುವೆ ಬರುವ ಯೋಚನೆಗಳನ್ನು ಬಿಟ್ಟುಕೊಡುತ್ತ ಹೋದರೆ ದೇಹದ ಬಿಗಿ ಸಡಿಲಾಗುತ್ತದೆ ಎಂದು ತೋರಿಸಿದ್ದರು. ಮಂತ್ರವೇ ಆಗಬೇಕಿಲ್ಲ, ‘ಒಂದು’ ಎಂಬ ಸಂಖ್ಯೆಯಾದರೂ ಸಾಕು ಎಂಬುದು ಅವರ ಸಲಹೆ. ದೂರದ ಪ್ರಾರ್ಥನೆಯಲ್ಲಿ ಏನೂ ಕಾಣದ ವಿಜ್ಞಾನಿಗೆ ಹತ್ತಿರದ ಜಪದಲ್ಲಿ ಮೊದಲೇ ಕಂಡಿತ್ತು.

ಉಸಿರಿನ ಆಚೆಗೂ ಕೆಲವು ಇವೆ. ಪ್ರಾರ್ಥನೆ ದಿನದಲ್ಲಿ ಒಂದು ಹೊತ್ತನ್ನು ಕಾದಿರಿಸುತ್ತದೆ. ನನಗೆ ಏನು ಬೇಕು, ಯಾವುದರ ಭಯ, ಯಾರ ಋಣ ಎಂಬುದನ್ನು ಬಾಯಿಬಿಟ್ಟು ಹೇಳಿಸುತ್ತದೆ. ನಾಲ್ಕು ಜನರ ಜೊತೆ ಒಂದೇ ದನಿಯಲ್ಲಿ ಹೇಳಿದಾಗ ಒಂಟಿತನ ಸ್ವಲ್ಪ ಹಿಂದೆ ಸರಿಯುತ್ತದೆ. ಇವು ಯಾವುದಕ್ಕೂ ಮೇಲೆ ಕೂತು ಕೇಳಿಸಿಕೊಳ್ಳುವವನು ಇರಲೇಬೇಕೆಂದಿಲ್ಲ.

ನಂಬಿಕೆ ತೆಗೆದರೆ ಉಳಿಯುವುದೆಷ್ಟು?

ಇಲ್ಲಿಗೇ ನಿಲ್ಲಿಸಿದರೆ ನಾಸ್ತಿಕರ ಪರ ತೀರ್ಪು ಬರೆದಂತಾಗುತ್ತದೆ. ಅಷ್ಟು ಸಲೀಸಲ್ಲ. ಅಮೆರಿಕದ ವಾಕ್‌ಹೋಲ್ಟ್ಸ್ ಮತ್ತು ಪಾರ್ಗಮೆಂಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ದೇವರ ಹೆಸರಿದ್ದ ವಾಕ್ಯದ ಮೇಲೆ ಧ್ಯಾನ ಮಾಡಿತು, ಇನ್ನೊಂದು ‘ನಾನು ಸಂತೋಷವಾಗಿದ್ದೇನೆ’ ಎಂಬಂಥ ವಾಕ್ಯದ ಮೇಲೆ. ಮತ್ತೊಂದು ಗುಂಪು ಬರೀ ವಿಶ್ರಾಂತಿ ಪಡೆಯಿತು. ಎರಡು ವಾರ, ದಿನಕ್ಕೆ 20 ನಿಮಿಷ. ಆಮೇಲೆ ಕೊರೆಯುವ ನೀರಿನಲ್ಲಿ ಕೈ ಅದ್ದಿಸಿದಾಗ ದೇವರ ಹೆಸರಿನವರು ಉಳಿದವರಿಗಿಂತ ಸುಮಾರು ಎರಡರಷ್ಟು ಹೊತ್ತು ತಡೆದುಕೊಂಡರು. ಅಂದರೆ ಹೇಳುವ ಮಾತಿನ ಅರ್ಥಕ್ಕೂ ಬೆಲೆ ಇದೆ. ಎಲ್ಲವೂ ಉಸಿರಾಟದ ಲೆಕ್ಕವಲ್ಲ.

ಭಕ್ತರ ಆಕ್ಷೇಪ ಇನ್ನೂ ಆಳದ್ದು. ಪ್ರಾರ್ಥನೆ ಎಂದರೆ ಒಬ್ಬನನ್ನು ಉದ್ದೇಶಿಸಿ ಆಡುವ ಮಾತು. ಕೇಳುವವನೇ ಇಲ್ಲ ಎಂದುಕೊಂಡು ಆಡಿದರೆ ಅದು ಗಂಟಲಿನ ವ್ಯಾಯಾಮ. ಬಸವಣ್ಣನವರ ವಚನ ಶಿವ ನಾದಪ್ರಿಯನೂ ಅಲ್ಲ, ವೇದಪ್ರಿಯನೂ ಅಲ್ಲ, ಭಕ್ತಿಪ್ರಿಯ ಎನ್ನುತ್ತದೆ. ನಾದ ನುಡಿಸಿದ ರಾವಣ, ವೇದ ಓದಿದ ಬ್ರಹ್ಮ ಇಬ್ಬರಿಗೂ ಅದು ರಕ್ಷೆಯಾಗಲಿಲ್ಲ ಎಂದು ನೆನಪಿಸುತ್ತದೆ. ಈ ನಿಲುವನ್ನು ಒಪ್ಪುವವರು ಶಾಲೆಯ ಕಡ್ಡಾಯ ಪ್ರಾರ್ಥನೆಯನ್ನು ನಾಸ್ತಿಕರಿಗಿಂತ ಮೊದಲು ವಿರೋಧಿಸಬೇಕು. ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ.

ಸಮೀಕ್ಷೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಧರ್ಮವಿಲ್ಲದವರೂ ಪ್ರಾರ್ಥಿಸುತ್ತಾರೆ ಎಂಬ ಸುದ್ದಿ ಆಗಾಗ ಹರಿದಾಡುತ್ತದೆ. ಪ್ಯೂ ಸಂಶೋಧನಾ ಕೇಂದ್ರದ 2012ರ ವರದಿಯಲ್ಲಿ, ಯಾವ ಧರ್ಮಕ್ಕೂ ಸೇರಿಲ್ಲ ಎಂದ ಅಮೆರಿಕನ್ನರಲ್ಲಿ ಶೇ 21ರಷ್ಟು ಜನ ದಿನವೂ ಪ್ರಾರ್ಥಿಸುವುದಾಗಿ ಹೇಳಿದ್ದರು. ಆದರೆ ಅದೇ ವರದಿಯಲ್ಲಿ ಇವರ ಪೈಕಿ ಶೇ 68ರಷ್ಟು ಜನ ದೇವರನ್ನು ನಂಬುತ್ತೇವೆ ಎಂದಿದ್ದರು. ಅವರು ಬಿಟ್ಟದ್ದು ಚರ್ಚನ್ನು, ದೇವರನ್ನಲ್ಲ. ಹಾಗಾಗಿ ನಾಸ್ತಿಕರೂ ಪ್ರಾರ್ಥನೆಗೆ ಶರಣಾಗುತ್ತಿದ್ದಾರೆ ಎನ್ನಲು ಈ ಅಂಕಿ ಸಾಲದು.

ದೇವರ ಜಾಗದಲ್ಲಿ ಸತ್ಯ

ಸೃಷ್ಟಿಕರ್ತನಿಲ್ಲದ ಪ್ರಾರ್ಥನೆ ಭಾರತಕ್ಕೆ ಹೊಸದಲ್ಲ. ಶ್ರವಣಬೆಳಗೊಳಕ್ಕೆ ಹೋದರೆ ಕಿವಿಗೆ ಬೀಳುವ ಜೈನರ ಣಮೋಕಾರ ಮಂತ್ರ ಏನನ್ನೂ ಬೇಡುವುದಿಲ್ಲ. ಅರಿಹಂತರಿಗೆ, ಸಿದ್ಧರಿಗೆ, ಆಚಾರ್ಯರಿಗೆ, ಉಪಾಧ್ಯಾಯರಿಗೆ, ಲೋಕದ ಎಲ್ಲ ಸಾಧುಗಳಿಗೆ ನಮಸ್ಕಾರ ಹೇಳುತ್ತದೆ ಅಷ್ಟೇ. ಒಬ್ಬ ತೀರ್ಥಂಕರನ ಹೆಸರೂ ಅದರಲ್ಲಿಲ್ಲ. ವೇದದ ಕರ್ಮಭಾಗವನ್ನು ವಿವರಿಸುವ ಮೀಮಾಂಸಕರು ಈಶ್ವರನನ್ನು ಬದಿಗಿಟ್ಟೇ ಯಜ್ಞದ ಶಾಸ್ತ್ರ ಕಟ್ಟಿದರು.

ಆಧುನಿಕ ಕಾಲಕ್ಕೆ ಬಂದರೆ, ಆಂಧ್ರದ ನಾಸ್ತಿಕ ಗೋರಾ ಅವರ ಪ್ರಸಂಗ ಈ ಚರ್ಚೆಗೆ ನೇರವಾಗಿ ಸಲ್ಲುತ್ತದೆ. 1944ರ ಕೊನೆಯಲ್ಲಿ ಅವರು ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯೊಡನೆ ನಾಸ್ತಿಕತೆಯ ಬಗ್ಗೆ ಮಾತಾಡಿದರು. ದಿನ ಶುರುವಾಗುವುದೂ ಮುಗಿಯುವುದೂ ಪ್ರಾರ್ಥನೆಯಿಂದಲೇ ಆಗಿದ್ದ ಆಶ್ರಮ ಅದು. ಮುಂದೆ ಗೋರಾ ಅವರ ಮಗಳಿಗೂ ದಲಿತ ಯುವಕನೊಬ್ಬನಿಗೂ ಆಶ್ರಮದಲ್ಲಿ ಮದುವೆ ಎಂದು ನಿಶ್ಚಯವಾದಾಗ, ಪ್ರತಿಜ್ಞೆಯಲ್ಲಿ ‘ದೇವರ ಹೆಸರಿನಲ್ಲಿ’ ಎಂಬುದರ ಬದಲು ‘ಸತ್ಯದ ಹೆಸರಿನಲ್ಲಿ’ ಎಂದು ಬದಲಿಸಲು ಗಾಂಧೀಜಿ ಒಪ್ಪಿದರು. ಮದುವೆ ನಡೆದದ್ದು ಅವರ ಹತ್ಯೆಯ ನಂತರ, 1948ರ ಮಾರ್ಚ್‌ನಲ್ಲಿ. ಸತ್ಯವೇ ದೇವರು ಎಂದು 1931ರಲ್ಲೇ ಹೇಳಿದ್ದ ವ್ಯಕ್ತಿಗೆ ಇದು ದೊಡ್ಡ ರಿಯಾಯಿತಿ ಆಗಿರಲಾರದು. ಆದರೂ ಬದಲಿಸಿದ್ದು ಹೇಳಬೇಕಾದವರ ಅಂತಃಸಾಕ್ಷಿಗೆ ತಕ್ಕಂತೆ, ಆಶ್ರಮದ ರೂಢಿಗೆ ತಕ್ಕಂತೆ ಅಲ್ಲ ಎಂಬುದು ಗಮನಿಸಬೇಕಾದದ್ದು. ನಮ್ಮಲ್ಲಿ ಕುವೆಂಪು ಮಂತ್ರಮಾಂಗಲ್ಯದಲ್ಲಿ ಮಾಡಿದ್ದೂ ಇದಕ್ಕೆ ಹತ್ತಿರದ ಕೆಲಸ: ಪುರೋಹಿತ, ಮುಹೂರ್ತ ಹೋದವು, ಆಯ್ದ ಮಂತ್ರಗಳೂ ಪ್ರತಿಜ್ಞೆಗಳೂ ಉಳಿದವು.

ಸಂವಿಧಾನ ಸಭೆಯಲ್ಲಿ 41 ಮತ್ತು 68

1949ರ ಅಕ್ಟೋಬರ್ 17ರಂದು ಪ್ರಸ್ತಾವನೆಯ ಚರ್ಚೆ ನಡೆಯುವಾಗ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಒಂದು ತಿದ್ದುಪಡಿ ತಂದರು. ಪ್ರಸ್ತಾವನೆ ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕು ಎಂಬುದು ಅವರ ಬೇಡಿಕೆ. ವಿರೋಧ ಬಂದದ್ದು ನಾಸ್ತಿಕರಿಂದ ಮಾತ್ರವಲ್ಲ. ಇದನ್ನು ಸೇರಿಸಿದರೆ ನಂಬಿಕೆಯ ವಿಷಯದಲ್ಲಿ ಒತ್ತಾಯ ಮಾಡಿದಂತಾಗುವುದಿಲ್ಲವೆ, ನಂಬುವ ಹಾಗೆಯೇ ನಂಬದಿರುವ ಹಕ್ಕೂ ಸಂವಿಧಾನದಲ್ಲಿದೆಯಲ್ಲ ಎಂದು ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೈ ಕೇಳಿದರು. ಕಾಮತ್ ಪಟ್ಟುಬಿಡದೆ ಮತಕ್ಕೆ ಹಾಕಿಸಿದರು. ಪರ 41, ವಿರೋಧ 68. ಇದು ಕರಾಳ ದಿನ, ದೇವರೇ ಭಾರತವನ್ನು ಕಾಪಾಡಲಿ ಎಂದು ಕಾಮತ್ ನೊಂದು ನುಡಿದರು.

ಪ್ರಮಾಣವಚನದಲ್ಲಿ ಮಾತ್ರ ಎರಡೂ ಉಳಿದವು. ದೇವರ ಹೆಸರಿನಲ್ಲಾದರೂ ಹೇಳಬಹುದು, ಸತ್ಯನಿಷ್ಠೆಯಿಂದಲಾದರೂ ಹೇಳಬಹುದು. ಆಯ್ಕೆ ಹೇಳುವವರದು. ಶಿಕ್ಷಣ ಸಂಸ್ಥೆಗಳಿಗೆ 28ನೇ ವಿಧಿ ಇದೆ. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ, ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ, ಪೂಜೆ-ಪ್ರಾರ್ಥನೆಗೆ ಕೂರಿಸುವಂತಿಲ್ಲ. ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಧರ್ಮಗಳ ಬಗ್ಗೆ ತಿಳಿಸಿಕೊಡುವುದು ಧಾರ್ಮಿಕ ಬೋಧನೆ ಆಗುವುದಿಲ್ಲ ಎಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಉಪನಿಷತ್ತನ್ನು ಪಾಠವಾಗಿ ಓದಿಸಲು ಅಡ್ಡಿಯಿಲ್ಲ ಎಂದಾಯಿತು. ಕೈ ಮುಗಿಸಿ ಹೇಳಿಸಿದಾಗ ಅದು ಪಾಠವೋ ಪೂಜೆಯೋ ಎಂಬುದೇ ಜಗಳ.

ಒಪ್ಪಿಗೆ ಇಲ್ಲದೆ ಪ್ರಯೋಜನವೂ ಇಲ್ಲ

ಒಪ್ಪಿಗೆಯನ್ನು ಬರೀ ಕಾನೂನಿನ ಅಂಶ ಎಂದು ನೋಡುವುದು ಸಾಲದು. ಮೇಲೆ ಹೇಳಿದ ಪ್ರಯೋಜನಗಳನ್ನು ಒಂದೊಂದಾಗಿ ಕಡ್ಡಾಯದ ಸಾಲಿನಲ್ಲಿ ನಿಲ್ಲಿಸಿ ನೋಡಿ. ಉಸಿರು ನಿಧಾನವಾಗಬೇಕಾದರೆ ನಿಧಾನವಾಗಿ ಹೇಳಬೇಕು. ಗಂಟೆ ಬಾರಿಸುವ ಮೊದಲು ಮುಗಿಸಬೇಕೆಂದು ಗಡಗಡ ಹೇಳಿದರೆ ಆಗದು. ಗಮನ ಒಳಗೆ ತಿರುಗಬೇಕು. ಅರ್ಧ ಮುಚ್ಚಿದ ಕಣ್ಣಿನಲ್ಲಿ ಮೇಷ್ಟರು ಎಲ್ಲಿದ್ದಾರೆಂದು ನೋಡುವ ಹುಡುಗನ ಗಮನ ಇರುವುದು ಹೊರಗೆ. ತನಗೆ ಏನು ಬೇಕೆಂದು ಹೇಳಿಕೊಳ್ಳಬೇಕು. ಅಲ್ಲಿ ಹೇಳಬೇಕಾದ್ದನ್ನು ಬೇರೆಯವರು ಮೊದಲೇ ಬರೆದಿಟ್ಟಿದ್ದಾರೆ. ಉಳಿಯುವುದು ಒಟ್ಟಿಗೆ ನಿಂತ ಭಾವನೆ ಒಂದೇ. ಹೇಳಲೊಲ್ಲದ ಮಗುವಿಗೆ ಅದೂ ಉಲ್ಟಾ ಹೊಡೆಯುತ್ತದೆ. ತಾನೊಬ್ಬಳೇ ಬೇರೆ ಎಂದು ದಿನವೂ ಬೆಳಿಗ್ಗೆ ನೆನಪಾಗುತ್ತದೆ.

ಕರ್ನಾಟಕದಲ್ಲಿ 2022ರ ನವೆಂಬರ್‌ನಲ್ಲಿ ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಶಾಲೆಗಳಲ್ಲಿ ದಿನಕ್ಕೆ ಹತ್ತು ನಿಮಿಷ ಧ್ಯಾನ ಮಾಡಿಸುವ ಮಾತೆತ್ತಿದಾಗ ಎದ್ದ ವಿವಾದಕ್ಕೂ ಇದೇ ಹಿನ್ನೆಲೆ. ಏಕಾಗ್ರತೆಗೆ ಒಳ್ಳೆಯದು ಎಂಬುದು ಪರವಾದ ವಾದ. ಹಿಂಬಾಗಿಲಿನಿಂದ ಧರ್ಮ ಬರುತ್ತದೆ ಎಂಬುದು ವಿರೋಧದ ವಾದ. ಮಗು ಬೇಡ ಎಂದರೆ ಏನು ಮಾಡುತ್ತೀರಿ ಎಂಬ ಮುಖ್ಯ ಪ್ರಶ್ನೆ ಆ ಗದ್ದಲದಲ್ಲಿ ಹಿಂದೆ ಬಿತ್ತು.

ತೀರ್ಪು ಯಾವ ಕಡೆ ಹೋದರೆ ಏನಾದೀತು

ಶ್ಲೋಕ ಸಾರ್ವತ್ರಿಕ, ಧಾರ್ಮಿಕವಲ್ಲ ಎಂದು ಸಂವಿಧಾನ ಪೀಠ ಹೇಳಿದರೆ ಈಗಿನ ಪದ್ಧತಿ ಉಳಿಯುತ್ತದೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ಆಸ್ತಿಕರದು. ಉಪನಿಷತ್ತಿನ ಮಂತ್ರ ಮಂತ್ರವಲ್ಲ, ನೀತಿಪಾಠ ಎಂದು ಸರ್ಕಾರವೇ ಪ್ರಮಾಣ ಮಾಡಿದಂತಾಗುತ್ತದೆ. ನಾಳೆ ಇನ್ನೊಂದು ರಾಜ್ಯ ಇನ್ನೊಂದು ಧರ್ಮದ ಸ್ತುತಿಯನ್ನು ‘ಇದೂ ಸಾರ್ವತ್ರಿಕ’ ಎಂದು ಹೇಳಿಸಹೊರಟರೆ ತಡೆಯಲು ಬೇರೆ ಅಳತೆಗೋಲೂ ಇರುವುದಿಲ್ಲ.

ಇದು ಧಾರ್ಮಿಕ ಬೋಧನೆ ಎಂದು ಹೇಳಿದರೆ ಪರಿಣಾಮ ಕೇಂದ್ರೀಯ ವಿದ್ಯಾಲಯಕ್ಕೆ ನಿಲ್ಲುವುದಿಲ್ಲ. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಎಲ್ಲ ಶಾಲೆಗಳ ಬೆಳಗಿನ ಹಾಡುಗಳೂ, ಸರ್ವಧರ್ಮ ಪ್ರಾರ್ಥನೆಗಳೂ ಪ್ರಶ್ನೆಗೆ ಒಳಗಾಗುತ್ತವೆ. ಅನುದಾನಿತ ಶಾಲೆಗಳಿಗೆ ಒಪ್ಪಿಗೆಯ ನಿಯಮ ಮಾತ್ರ.

ಬೇಡವಾದವರು ಹೊರಗೆ ನಿಲ್ಲಲಿ ಎಂಬುದು ಹಲವರಿಗೆ ಹೊಳೆಯುವ ಮಧ್ಯದ ದಾರಿ. ಬೆಲ್‌ಫಾಸ್ಟ್ ತೀರ್ಪಿನ ತಿರುಳು ಇರುವುದು ಇಲ್ಲಿ. ಮಗುವನ್ನು ಹೊರಗಿಡುವ ಹಕ್ಕು ಆ ತಂದೆತಾಯಿಗೆ ಇತ್ತು. ಮೇಲ್ಮನವಿ ನ್ಯಾಯಾಲಯ ಅಷ್ಟು ಸಾಕು ಎಂದಿತ್ತು. ಸಾಲದು ಎಂದಿತು ಸುಪ್ರೀಂ ಕೋರ್ಟ್. ಹಾಗೆ ಮಾಡಿದರೆ ತಮ್ಮ ನಂಬಿಕೆಯನ್ನು ಶಾಲೆಯ ಮುಂದೆ ಬಿಚ್ಚಿಡಬೇಕಾದ ಹೊರೆ ಪೋಷಕರಿಗೆ ಬೀಳುತ್ತದೆ, ಬೇರೆಯಾಗಿ ಕೂರುವ ಮಗುವಿಗೆ ಕಳಂಕ ಅಂಟುತ್ತದೆ. ಇದು ಶಿಕ್ಷಣದಲ್ಲಿ ಜಾತ್ಯತೀತತೆ ತರುವ ಮೊಕದ್ದಮೆ ಅಲ್ಲ ಎಂದೂ ಅದೇ ತೀರ್ಪು ಸ್ಪಷ್ಟಪಡಿಸಿತು. ಅಲ್ಲಿಯ ಪಠ್ಯದಲ್ಲಿ ಕ್ರೈಸ್ತ ಧರ್ಮಕ್ಕೆ ಹೆಚ್ಚು ಜಾಗ ಇರಬಹುದು, ಆದರೆ ಒಂದೇ ನಂಬಿಕೆಯನ್ನು ಪರಮಸತ್ಯ ಎಂಬಂತೆ ಮಗುವಿಗೆ ತುಂಬುವಂತಿಲ್ಲ.

ಹಾಗಾದರೆ ಎಲ್ಲರೂ ಒಂದು ನಿಮಿಷ ಸುಮ್ಮನೆ ನಿಂತರೆ? ಅದೂ ತಾನಾಗಿಯೇ ತಟಸ್ಥವಾಗುವುದಿಲ್ಲ. ಅಲಬಾಮಾ ರಾಜ್ಯ ಮೌನದ ನಿಮಿಷವನ್ನು ‘ಧ್ಯಾನ ಅಥವಾ ಸ್ವಯಂಪ್ರೇರಿತ ಪ್ರಾರ್ಥನೆಗಾಗಿ’ ಎಂದು ಕಾನೂನಿನಲ್ಲಿ ಬರೆದಿತ್ತು. ಶಾಲೆಗೆ ಪ್ರಾರ್ಥನೆಯನ್ನು ಮರಳಿ ತರುವುದೇ ಅದರ ಉದ್ದೇಶ ಎಂದು ಕಂಡುಕೊಂಡ ಅಮೆರಿಕದ ಸುಪ್ರೀಂ ಕೋರ್ಟ್ 1985ರಲ್ಲಿ ಅದನ್ನು ರದ್ದು ಮಾಡಿತು.

ಭಾರತದಲ್ಲಿ ಇದಕ್ಕೆ ಹತ್ತಿರದ ಎರಡು ತೀರ್ಪುಗಳು ಈಗಾಗಲೇ ಇವೆ. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ಹಾಡದೆ ಇದ್ದುದಕ್ಕೆ ಶಾಲೆಯಿಂದ ಹೊರಹಾಕಿದ್ದು ತಪ್ಪು ಎಂದು 1986ರಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ಪೀಠ ಹೇಳಿತು. ನಾಸಿಕ್‌ನಲ್ಲಿ ಪ್ರಾರ್ಥನೆಯ ಹೊತ್ತು ಕೈ ಮುಗಿಯದೆ ನಿಂತ ಶಿಕ್ಷಕರೊಬ್ಬರ ಪರವಾಗಿ ಬಾಂಬೆ ಹೈಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿತು. ಎರಡರಲ್ಲೂ ಹಾಡಿನ ಸರಿತಪ್ಪು ಮುಖ್ಯವಾಗಲಿಲ್ಲ. ನಿಂತವರ ಬಾಯಿ, ಕೈ ಯಾರ ಅಧೀನ ಎಂಬುದು ಮುಖ್ಯವಾಯಿತು. ಕೇಂದ್ರೀಯ ವಿದ್ಯಾಲಯದ ವಿಷಯದಲ್ಲೂ ಮೊದಲು ಹೋಗಬೇಕಾದದ್ದು ಕಣ್ಣು ಮುಚ್ಚಿಸುವ, ಕೈ ಮುಗಿಸುವ, ಯಾರು ಮುಗಿಯಲಿಲ್ಲ ಎಂದು ನೋಡಿಕೊಂಡು ಬರುವ ಪದ್ಧತಿ. ಅದು ಹೋದರೆ ಪರಮಾತ್ಮನನ್ನು ಬೇಡುವ ಹಿಂದಿ ಪ್ರಾರ್ಥನೆಯನ್ನು ಸಮರ್ಥಿಸುವುದು ಆಗಲೂ ಕಷ್ಟವೇ. ‘ಅಸತೋ ಮಾ’ ಉಳಿಯಬೇಕೋ ಬೇಡವೋ ಎಂಬ ವಾದಕ್ಕೆ ಮಾತ್ರ ಈಗಿನ ಕಾವು ಇರುವುದಿಲ್ಲ.